ಕಂಪ್ಯೂಟರ್ ಕ್ಯಾಮೆರಾ ತಡವರಿಸುವುದು ಏಕೆ?



ನಮ್ಮ ಶಾಲೆಯ ಕಂಪ್ಯೂಟರಿನ ನೆತ್ತಿಯ ಮೇಲೆ ಒಂದು ಪುಟ್ಟ ಕ್ಯಾಮೆರಾ ಕೂತಿರುವುದನ್ನು ನೀವೆಲ್ಲ ನೋಡಿದ್ದೀರಿ. ಅದರ ಮುಂದೆ ನಿಂತು ಜೋರಾಗಿ ಕೈ ಬೀಸಿದರೆ ಏನಾಗುತ್ತಿತ್ತು? ಪರದೆಯ ಮೇಲೆ ಕೈ ಒಮ್ಮೆ ಎಡಕ್ಕೆ ಕಾಣುತ್ತಿತ್ತು, ಆಮೇಲೆ ಇದ್ದಕ್ಕಿದ್ದ ಹಾಗೆ ಬಲಕ್ಕೆ ಕಾಣುತ್ತಿತ್ತು. ನಡುವೆ ಬರೀ ಮಂಜು. ಇದನ್ನು ನೋಡಿದವರೆಲ್ಲ ಹೇಳುತ್ತಿದ್ದ ಮಾತು ಒಂದೇ: "ನೆಟ್ ಸ್ಲೋ ಕಣೋ."

ಆದರೆ ಇಂಟರ್ನೆಟ್ ಪೂರ್ತಿ ಆರಿಸಿ ನೋಡಿದರೂ ಕೈ ಹಾಗೇ ಜಿಗಿಯುತ್ತಿತ್ತು. ಹಾಗಾದರೆ ತೊಂದರೆ ಎಲ್ಲಿದೆ? ನಮ್ಮ ವಿಜ್ಞಾನ ಮೇಷ್ಟ್ರ ಜೊತೆ ಮೂರು ವಾರ ಕೂತು, ಒಂದೊಂದನ್ನೇ ಪರೀಕ್ಷೆ ಮಾಡಿ ಕಂಡುಕೊಂಡದ್ದನ್ನು ಈ ಲೇಖನದಲ್ಲಿ ಬರೆದಿದ್ದೇನೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರೂ ಓದಿ. ಮೊಬೈಲ್ ಕ್ಯಾಮೆರಾಕ್ಕೂ ಇದರಲ್ಲಿ ಮುಕ್ಕಾಲು ಪಾಲು ಅನ್ವಯಿಸುತ್ತದೆ.

ಫ್ರೇಮ್ ಎಂದರೇನು?

ಕ್ಯಾಮೆರಾಕ್ಕೆ ಓಡಾಟವನ್ನು ಹಿಡಿಯಲು ಬರುವುದಿಲ್ಲ. ಅದು ಒಂದಾದ ಮೇಲೊಂದು ಬಿಡಿ ಫೋಟೊ ತೆಗೆಯುತ್ತೆ, ಅಷ್ಟೆ. ಆ ಒಂದೊಂದು ಬಿಡಿ ಫೋಟೊಗೆ ಫ್ರೇಮ್ ಎಂದು ಹೆಸರು. ಒಂದು ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬ ಲೆಕ್ಕವೇ ಫ್ರೇಮ್ ರೇಟ್. ಬಿಡಿ ಚಿತ್ರಗಳು ಬೇಗ ಬೇಗ ಬಂದರೆ ನಮ್ಮ ಕಣ್ಣು ಮತ್ತು ಮಿದುಳು ಅವನ್ನು ಸೇರಿಸಿಕೊಂಡು, ವಸ್ತು ಚಲಿಸುತ್ತಿದೆ ಎಂದು ತಿಳಿಯುತ್ತವೆ.

ಇದನ್ನು ನೀವೇ ಮಾಡಿ ನೋಡಬಹುದು. ಒಂದು ಹಳೇ ನೋಟ್ ಪುಸ್ತಕ ತೆಗೆದುಕೊಳ್ಳಿ. 20 ಹಾಳೆಗಳ ಮೂಲೆಯಲ್ಲಿ ಒಂದೊಂದು ಚೆಂಡು ಬರೆಯಿರಿ. ಪ್ರತಿ ಹಾಳೆಯಲ್ಲೂ ಚೆಂಡು ಹಿಂದಿನದಕ್ಕಿಂತ ಸ್ವಲ್ಪ ಮೇಲೆ ಇರಲಿ. ಹೆಬ್ಬೆರಳಿನಿಂದ ಹಾಳೆಗಳನ್ನು ಸರ್ರನೆ ಬಿಟ್ಟರೆ ಚೆಂಡು ಮೇಲೇರುತ್ತೆ. ಇನ್ನೊಂದು ಪುಸ್ತಕದಲ್ಲಿ ಐದೇ ಹಾಳೆಯಲ್ಲಿ ಚೆಂಡನ್ನು ಕೆಳಗಿನಿಂದ ಮೇಲಕ್ಕೆ ತನ್ನಿ. ಈಗ ಚೆಂಡು ಏರುವುದಿಲ್ಲ, ಕುಪ್ಪಳಿಸುತ್ತದೆ. ಎರಡನೇ ಪುಸ್ತಕವೇ ತಡವರಿಸುವ ಕ್ಯಾಮೆರಾ.

ಎಷ್ಟು ಫ್ರೇಮ್ ಇದ್ದರೆ ಸಾಕು?

ಇದು ನಾವು ಏನನ್ನು ನೋಡುತ್ತೇವೆ ಎಂಬುದರ ಮೇಲೆ ನಿಂತಿದೆ.

ಮಾತಾಡುವ ಸಿನಿಮಾಗಳು ಬಂದ ಮೇಲೆ ಸೆಕೆಂಡಿಗೆ 24 ಫ್ರೇಮ್ ಎಂಬುದು ಪದ್ಧತಿಯಾಯಿತು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ತೆರೆಗೆ ಬಂದದ್ದು 1934ರಲ್ಲಿ. ನಮ್ಮ ದೇಶದ ಟಿ.ವಿ.ಯಲ್ಲಿ ಸೆಕೆಂಡಿಗೆ 25 ಫ್ರೇಮ್. ಈಗಿನ ಸಾಮಾನ್ಯ ಕಂಪ್ಯೂಟರ್ ಕ್ಯಾಮೆರಾಗಳು 30 ಫ್ರೇಮ್ ಕೊಡುತ್ತೇವೆ ಎಂದು ಡಬ್ಬಿಯ ಮೇಲೆ ಬರೆದಿರುತ್ತವೆ.

ಇನ್ನೊಂದು ತಮಾಷೆಯ ವಿಷಯ. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ 1991ರಲ್ಲಿ ಕಂಪ್ಯೂಟರ್ ಓದುತ್ತಿದ್ದವರು ಒಂದು ಕಾಫಿ ಪಾತ್ರೆಯ ಮುಂದೆ ಕ್ಯಾಮೆರಾ ಇಟ್ಟರು. ಪಾತ್ರೆಯಲ್ಲಿ ಕಾಫಿ ಇದೆಯೋ ಖಾಲಿಯೋ ಎಂದು ಕೂತಲ್ಲೇ ನೋಡುವುದಕ್ಕೆ! 1993ರಲ್ಲಿ ಅದನ್ನು ಇಂಟರ್ನೆಟ್ಟಿಗೂ ಸೇರಿಸಿದರು. ಪ್ರಪಂಚದ ಮೊದಲ ವೆಬ್ ಕ್ಯಾಮೆರಾ ಎಂದು ಅದಕ್ಕೆ ಹೆಸರಾಯಿತು. 2001ರಲ್ಲಿ ಆರಿಸಿದರು. ಅದು ಮೊದಮೊದಲು ನಿಮಿಷಕ್ಕೆ ಸುಮಾರು ಮೂರು ಚಿತ್ರ ಮಾತ್ರ ಕೊಡುತ್ತಿತ್ತು. ಸೆಕೆಂಡಿಗಲ್ಲ, ನಿಮಿಷಕ್ಕೆ! ಕಾಫಿ ಪಾತ್ರೆ ನಿಧಾನವಾಗಿ ತುಂಬುತ್ತೆ, ಓಡಿಹೋಗುವುದಿಲ್ಲ. ಆದ್ದರಿಂದ ಅದೇ ಸಾಕಾಗಿತ್ತು.

ಆದರೆ ಬೆರಳುಗಳನ್ನು ನೋಡಬೇಕಾದರೆ?

ನಮ್ಮ ಗೆಳತಿಯ ಮಾತು

ನಮ್ಮ ಏಳನೇ ತರಗತಿಯ ಒಬ್ಬ ಗೆಳತಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಅವಳನ್ನು ಕೇಳಿ, ಅವಳು ಒಪ್ಪಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ಪ್ರತಿ ಬುಧವಾರ ಸಂಜೆ ನಾಲ್ಕೂಕಾಲಿಗೆ ಬೆಂಗಳೂರಿನಿಂದ ಒಬ್ಬ ಮಿಸ್ ವಿಡಿಯೊ ಕರೆ ಮಾಡಿ ಅವಳಿಗೆ ಭಾರತೀಯ ಸನ್ನೆ ಭಾಷೆ ಕಲಿಸುತ್ತಾರೆ. ಆ ಮಿಸ್‌ಗೂ ಕಿವಿ ಕೇಳಿಸುವುದಿಲ್ಲ. ನಾವು ಫೋನಿನಲ್ಲಿ ಮಾತಾಡುವಾಗ ಚಿತ್ರ ನಿಂತರೂ ದನಿ ಬರುತ್ತಿರುತ್ತೆ, ಸುಧಾರಿಸಿಕೊಳ್ಳುತ್ತೇವೆ. ಇವರಿಬ್ಬರಿಗೆ ದನಿಯಿಂದ ಉಪಯೋಗವಿಲ್ಲ. ಚಿತ್ರ ನಿಂತರೆ ಮಾತೇ ನಿಂತಿತು.

ಸನ್ನೆ ಭಾಷೆ ಎಂದರೆ ಸುಮ್ಮನೆ ಕೈ ಆಡಿಸುವುದಲ್ಲ. ಅದಕ್ಕೆ ಅದರದೇ ವ್ಯಾಕರಣ ಇದೆ. 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸನ್ನೆ ಭಾಷೆಯ ಸಂಶೋಧನೆ ಮತ್ತು ತರಬೇತಿ ಕೇಂದ್ರ ಶುರುವಾಯಿತು. ಆ ಕೇಂದ್ರದವರು 2018ರಲ್ಲಿ 3,000 ಪದಗಳ ವಿಡಿಯೊ ನಿಘಂಟು ತಂದರು. 2021ರಲ್ಲಿ ಅದು 10,000 ಪದಗಳಷ್ಟಾಯಿತು.

ಹೆಸರುಗಳನ್ನು, ಹೊಸ ಪದಗಳನ್ನು ಬೆರಳಿನಿಂದಲೇ ಇಂಗ್ಲಿಷ್ ಅಕ್ಷರ ಮಾಡಿ ತೋರಿಸುತ್ತಾರೆ. ಒಂದು ಕೈಯ ಬೆರಳಿನಿಂದ ಇನ್ನೊಂದು ಕೈಯ ಹೆಬ್ಬೆರಳ ತುದಿ ಮುಟ್ಟಿದರೆ ಎ, ತೋರುಬೆರಳಾದರೆ ಇ, ಮಧ್ಯದ ಬೆರಳಾದರೆ ಐ, ಉಂಗುರದ ಬೆರಳಾದರೆ ಓ, ಕಿರುಬೆರಳಾದರೆ ಯು. ಈಗ ಯೋಚಿಸಿ. ಪ್ಯಾನ್, ಪೆನ್, ಪಿನ್ ಈ ಮೂರು ಪದಗಳಿಗೆ ಇರುವ ವ್ಯತ್ಯಾಸ ಯಾವ ಬೆರಳ ತುದಿ ಮುಟ್ಟಿದರು ಎಂಬುದಷ್ಟೆ. ಮಿಸ್ ಬೇಗ ಬೇಗ ತೋರಿಸುತ್ತಾರೆ, ನಮ್ಮ ಗೆಳತಿಯೂ ಹಾಗೇ ತೋರಿಸುತ್ತಾಳೆ. ಬೆರಳು ಮುಟ್ಟಿದ ಆ ಗಳಿಗೆಯ ಫ್ರೇಮ್ ಇಲ್ಲದಿದ್ದರೆ ಪೆನ್ನೋ ಪಿನ್ನೋ ಹೇಳುವವರು ಯಾರು?

ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಎಂಬ ಸಂಸ್ಥೆ 1999ರಲ್ಲೇ ಇದಕ್ಕೊಂದು ಅಳತೆ ಕೊಟ್ಟಿದೆ ಎಂದು ಮಿಸ್ ಟೈಪ್ ಮಾಡಿ ತಿಳಿಸಿದರು. ಸೆಕೆಂಡಿಗೆ 20 ಫ್ರೇಮ್ ಮತ್ತು ಮೇಲೆ ಇದ್ದರೆ ಸನ್ನೆಯೂ ಬೆರಳಕ್ಷರವೂ ಚೆನ್ನಾಗಿ ತಿಳಿಯುತ್ತವೆ. 12ರ ಹತ್ತಿರ ಬಂದರೆ ಕಷ್ಟಪಟ್ಟು ನಡೆಸಬಹುದು. 8ಕ್ಕಿಂತ ಕಡಿಮೆಯಾದರೆ ಉಪಯೋಗವೇ ಇಲ್ಲ.

ನಮ್ಮದು ಎಷ್ಟಿತ್ತು ಗೊತ್ತೇ? ಏಳೂವರೆ! ಜುಲೈ ತಿಂಗಳಲ್ಲಿ ಮಿಸ್ ಮೂರು ವಾರ ಸತತವಾಗಿ "ನಿನ್ನ ಬೆರಳು ಕಾಣುತ್ತಿಲ್ಲ" ಎಂದು ಬರೆದು ಕಳಿಸಿದರು. ಈ ಕ್ಲಾಸು ನಿಲ್ಲಿಸಿಬಿಡೋಣವೇ ಎಂಬ ಮಾತೂ ಬಂತು. ನಮ್ಮ ಶಾಲೆಯಲ್ಲಿ ಸನ್ನೆ ಭಾಷೆ ಬಲ್ಲವರು ಬೇರೆ ಯಾರೂ ಇಲ್ಲ. ಆಗ ಮೇಷ್ಟ್ರು, "ನಿಲ್ಲಿಸೋಕೆ ಮುಂಚೆ ಕಾರಣ ಹುಡುಕೋಣ. ಬೋರಿನ ಮೋಟ್ರು ನೀರೆತ್ತಲಿಲ್ಲ ಅಂದ ತಕ್ಷಣ ಮೋಟ್ರು ಎಸೀತೀವೇನೋ? ಫ್ಯೂಸು ನೋಡ್ತೀವಿ, ಸ್ಟಾರ್ಟರ್ ನೋಡ್ತೀವಿ, ಪೈಪು ನೋಡ್ತೀವಿ" ಅಂದರು. ನಾವೂ ಹಾಗೇ ಹೊರಟೆವು.

ಮೊದಲು ಎಣಿಸಬೇಕು

ಎಣಿಸದೆ ರಿಪೇರಿಗೆ ಕೈ ಹಾಕಬಾರದು. ಸುಮ್ಮನೆ ನೋಡಿ "ಸ್ವಲ್ಪ ವಾಸಿ" ಎಂದರೆ ಅದು ಅಳತೆಯಲ್ಲ. ಎಣಿಸಲು ದುಡ್ಡು ಖರ್ಚಿಲ್ಲ. ವಿಧಾನ ಹೀಗಿದೆ:

1. ಮೊಬೈಲಿನಲ್ಲಿ ಸ್ಟಾಪ್‌ವಾಚ್ ಓಡಿಸಿ, ಕಂಪ್ಯೂಟರ್ ಕ್ಯಾಮೆರಾ ಮುಂದೆ ಹಿಡಿಯಿರಿ.

2. ಕಂಪ್ಯೂಟರಿನಲ್ಲಿ 10 ಸೆಕೆಂಡ್ ವಿಡಿಯೊ ತೆಗೆಯಿರಿ. ಇಂಟರ್ನೆಟ್ ಆರಿಸಿರಲಿ.

3. ಆ ವಿಡಿಯೊವನ್ನು ವಿ.ಎಲ್.ಸಿ. ಪ್ಲೇಯರಿನಲ್ಲಿ ತೆರೆದು ನಿಲ್ಲಿಸಿ. ಕೀಲಿಮಣೆಯಲ್ಲಿ ಇಂಗ್ಲಿಷಿನ 'ಇ' ಒತ್ತಿದರೆ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತೆ.

4. ಸ್ಟಾಪ್‌ವಾಚ್ 5 ಸೆಕೆಂಡ್ ತೋರಿಸುವಲ್ಲಿಂದ 7 ಸೆಕೆಂಡ್ ತೋರಿಸುವವರೆಗೆ ಎಷ್ಟು ಬೇರೆ ಬೇರೆ ಚಿತ್ರ ಬಂತು ಎಣಿಸಿ. ಎರಡರಿಂದ ಭಾಗಿಸಿ.

ಇಲ್ಲಿ 'ಬೇರೆ ಬೇರೆ' ಎಂಬ ಮಾತನ್ನು ಗಮನಿಸಿ. ಕೆಲವು ಸಲ ಫೈಲಿನ ವಿವರದಲ್ಲಿ 30 ಫ್ರೇಮ್ ಎಂದು ಬರೆದಿರುತ್ತೆ. ಆದರೆ ಕ್ಯಾಮೆರಾ ಹೊಸ ಚಿತ್ರ ಕೊಡದೆ ಇದ್ದಾಗ ಕಂಪ್ಯೂಟರ್ ಹಳೇ ಚಿತ್ರವನ್ನೇ ಮತ್ತೆ ಮತ್ತೆ ತುಂಬಿಸಿರುತ್ತೆ. ಸ್ಟಾಪ್‌ವಾಚ್ ಅಂಕಿ ಬದಲಾಗಿದ್ದರೆ ಮಾತ್ರ ಅದು ಹೊಸ ಫ್ರೇಮ್. ಈ ಸ್ಟಾಪ್‌ವಾಚ್ ಸುಳ್ಳು ಹೇಳುವುದಿಲ್ಲ.

ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ಮತ್ತೆ ಎಣಿಸಬೇಕು. ಎರಡು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಗುಣವಾಯಿತು ಎಂದು ತಿಳಿಯುವುದಿಲ್ಲ.

ಒಂದನೇ ಕಾರಣ: ಬೆಳಕು ಸಾಲದು

ತಡವರಿಸುವ ಕ್ಯಾಮೆರಾದಲ್ಲಿ ಎಲ್ಲಕ್ಕೂ ಮೊದಲು ನೋಡಬೇಕಾದ್ದು ಇದೇ. ಆದರೆ ಯಾರೂ ಇದನ್ನು ನೋಡುವುದಿಲ್ಲ.

ಬೀದಿ ನಲ್ಲಿಯಲ್ಲಿ ಬಿಂದಿಗೆ ಹಿಡಿಯುವುದನ್ನು ನೆನಪಿಸಿಕೊಳ್ಳಿ. ನೀರು ಜೋರಾಗಿ ಬಂದರೆ ಬಿಂದಿಗೆ ಬೇಗ ತುಂಬುತ್ತೆ. ಸಣ್ಣಗೆ ಬಂದರೆ ಅದೇ ಬಿಂದಿಗೆ ತುಂಬಲು ನಾಲ್ಕರಷ್ಟು ಹೊತ್ತು. ಹಾಗಾಗಿ ಅರ್ಧ ಗಂಟೆಯಲ್ಲಿ ಸಿಗುವ ಬಿಂದಿಗೆಗಳ ಸಂಖ್ಯೆ ಕಡಿಮೆಯಾಗುತ್ತೆ. ಕ್ಯಾಮೆರಾಕ್ಕೆ ಬೆಳಕೇ ನೀರು, ಫ್ರೇಮೇ ಬಿಂದಿಗೆ. ಕೋಣೆ ಕತ್ತಲಾಗಿದ್ದರೆ ಒಂದು ಫ್ರೇಮಿಗೆ ಬೇಕಾದಷ್ಟು ಬೆಳಕು ತುಂಬಿಕೊಳ್ಳಲು ಕ್ಯಾಮೆರಾ ಹೆಚ್ಚು ಹೊತ್ತು ಕಣ್ಣು ಬಿಟ್ಟು ಕಾಯುತ್ತೆ. ಈ ಹೊತ್ತಿಗೆ ಎಕ್ಸ್‌ಪೋಷರ್ ಎನ್ನುತ್ತಾರೆ.

ಲೆಕ್ಕ ಸುಲಭ. ಒಂದು ಫ್ರೇಮಿಗೆ ಸೆಕೆಂಡಿನ 30ನೇ ಒಂದು ಭಾಗ ಸಾಕಾದರೆ ಸೆಕೆಂಡಿಗೆ 30 ಫ್ರೇಮ್ ಸಿಗಬಹುದು. 15ನೇ ಒಂದು ಭಾಗ ಬೇಕಾದರೆ 15 ಫ್ರೇಮಿಗಿಂತ ಹೆಚ್ಚು ಸಾಧ್ಯವೇ ಇಲ್ಲ. ಹತ್ತನೇ ಒಂದು ಭಾಗ ಬೇಕಾದರೆ 10. ಎಷ್ಟೇ ಬೆಲೆಬಾಳುವ ಕಂಪ್ಯೂಟರ್ ಇದ್ದರೂ ಈ ಲೆಕ್ಕವನ್ನು ಮೀರಲಾಗದು.

ಕತ್ತಲು ಎರಡು ಸಲ ಹೊಡೆಯುತ್ತೆ. ಒಂದು, ಫ್ರೇಮ್ ಕಡಿಮೆ. ಎರಡು, ಕ್ಯಾಮೆರಾ ಕಣ್ಣು ಬಿಟ್ಟಿರುವಾಗಲೇ ಬೆರಳು ಅಲ್ಲಿಂದಿಲ್ಲಿಗೆ ಸರಿದರೆ ಆ ಫ್ರೇಮಿನಲ್ಲಿ ಬೆರಳು ಒರೆಸಿದ ಹಾಗೆ ಮಸುಕಾಗುತ್ತೆ. ಕೈಲಾಸಗಿರಿಯ ಗುಹೆಯೊಳಗೆ ಮೊಬೈಲಿನಲ್ಲಿ ಫೋಟೊ ತೆಗೆದವರಿಗೆ ಇದು ಗೊತ್ತು. ಹೊರಗೆ ಬಂಡೆಯ ಮೇಲೆ ತೆಗೆದದ್ದು ಚೂಪಾಗಿರುತ್ತೆ, ಒಳಗೆ ತೆಗೆದದ್ದು ಅಲುಗಿದ ಹಾಗಿರುತ್ತೆ. ಮೊಬೈಲ್ ಅದೇ, ಕೈಯೂ ಅದೇ.

ಪರಿಹಾರಗಳು:

ಅ) ಮಾತಾಡುವವರ ಮುಖ ಕಿಟಕಿಯ ಕಡೆಗಿರಬೇಕು. ಬೆನ್ನ ಹಿಂದೆ ಕಿಟಕಿ ಇರಬಾರದು. ಇದ್ದರೆ ಕ್ಯಾಮೆರಾ ಕಿಟಕಿಯ ಬೆಳಕಿಗೇ ಹೊಂದಿಕೊಂಡು, ಮುಖ ಮತ್ತು ಕೈ ಕಪ್ಪಾಗುತ್ತವೆ.

ಆ) ಬಿಳಿ ಥರ್ಮಾಕೋಲ್ ಹಾಳೆಯನ್ನು ಪಕ್ಕದಲ್ಲಿ ನಿಲ್ಲಿಸಿದರೆ ಕಿಟಕಿಯ ಬೆಳಕು ಅದಕ್ಕೆ ಬಡಿದು ಮುಖದ ಮೇಲೆ ಬೀಳುತ್ತೆ. ವಿಜ್ಞಾನ ಮಾದರಿ ಮಾಡಿ ಉಳಿದಿದ್ದ ಹಾಳೆಯನ್ನೇ ನಾವು ಬಳಸಿದೆವು.

ಇ) ಕ್ಯಾಮೆರಾದ ಸೆಟ್ಟಿಂಗಿನಲ್ಲಿ ಒಂದು ಟಿಕ್ ಗುರುತು ಇರುತ್ತೆ. ಕೆಲವದರಲ್ಲಿ 'ಲೋ ಲೈಟ್ ಕಾಂಪೆನ್ಸೇಷನ್' ಎಂದಿರುತ್ತೆ. ಉಬುಂಟುವಿನ ತಂತ್ರಾಂಶದಲ್ಲಿ 'ಎಕ್ಸ್‌ಪೋಷರ್ ಆಟೊ ಪ್ರಯಾರಿಟಿ' ಅಥವಾ 'ಎಕ್ಸ್‌ಪೋಷರ್ ಡೈನಮಿಕ್ ಫ್ರೇಮ್‌ರೇಟ್' ಎಂದಿರುತ್ತೆ. "ಕತ್ತಲಾದರೆ ಫ್ರೇಮ್ ಕಡಿಮೆ ಮಾಡಿಕೋ" ಎಂದು ಕ್ಯಾಮೆರಾಕ್ಕೆ ಅಪ್ಪಣೆ ಕೊಡುವುದು ಇದೇ. ಟಿಕ್ ತೆಗೆದರೆ ಫ್ರೇಮ್ ಇಳಿಯುವುದಿಲ್ಲ. ಆದರೆ ಚಿತ್ರ ಮಂಕಾಗುತ್ತೆ. ಅದಕ್ಕೇ ಮೊದಲು ಬೆಳಕು, ಆಮೇಲೆ ಟಿಕ್.

ಈ) ಸೀಮೆಸುಣ್ಣದ ಪುಡಿ ಲೆನ್ಸಿನ ಮೇಲೆ ಕೂತಿರುತ್ತೆ. ಮೆತ್ತನೆ ಹತ್ತಿ ಬಟ್ಟೆಯಿಂದ ಹಗುರವಾಗಿ ಒರೆಸಿ. ಇದರಿಂದ ಫ್ರೇಮ್ ಹೆಚ್ಚದಿದ್ದರೂ ಬೆರಳು ಸ್ಪಷ್ಟವಾಗುತ್ತೆ.

ಬೆಳಕಿನ ಮಿಣುಕು

ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಹರಿಯುತ್ತೆ. ಇದನ್ನು 50 ಹರ್ಟ್ಸ್ ಎನ್ನುತ್ತಾರೆ. ಅಮೆರಿಕದಲ್ಲಿ ಇದು 60. ಹೀಗಾಗಿ ನಮ್ಮ ಹಳೇ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿಣುಕುತ್ತೆ. ನಮ್ಮ ಕಣ್ಣಿಗೆ ಗೊತ್ತಾಗುವುದಿಲ್ಲ, ಕ್ಯಾಮೆರಾಕ್ಕೆ ಗೊತ್ತಾಗುತ್ತೆ. ಕ್ಯಾಮೆರಾದ ಸೆಟ್ಟಿಂಗು 60 ಎಂದಿದ್ದರೆ ಚಿತ್ರದ ಮೇಲೆ ಅಡ್ಡ ಪಟ್ಟೆಗಳು ಹರಿದಾಡಬಹುದು. 'ಪವರ್ ಲೈನ್ ಫ್ರೀಕ್ವೆನ್ಸಿ' ಎಂಬಲ್ಲಿ 50 ಆರಿಸಬೇಕು. ಆಗ ಕ್ಯಾಮೆರಾ ಸೆಕೆಂಡಿನ ನೂರನೇ ಒಂದು, ಎರಡು ಅಥವಾ ಮೂರು ಭಾಗ ಹೀಗೆ ಲೆಕ್ಕವಾಗಿ ಕಣ್ಣು ಬಿಡುತ್ತೆ. ಮೂರು ಭಾಗದವರೆಗೆ 30 ಫ್ರೇಮ್ ಸಿಗುತ್ತೆ. ನಾಲ್ಕು ಭಾಗ ಬೇಕಾಯಿತು ಎಂದರೆ ನೂರನ್ನು ನಾಲ್ಕರಿಂದ ಭಾಗಿಸಿ, 25ಕ್ಕೆ ಇಳಿಯಿತು.

ಎರಡನೇ ಕಾರಣ: ತಂತಿಯ ಅಗಲ

ಬೆಳಕು ಚೆನ್ನಾಗಿದ್ದೂ ಫ್ರೇಮ್ ಕಡಿಮೆಯಿದ್ದರೆ, ಕ್ಯಾಮೆರಾದಿಂದ ಕಂಪ್ಯೂಟರಿಗೆ ಹೋಗುವ ಯು.ಎಸ್.ಬಿ. ತಂತಿಯ ಕಡೆ ನೋಡಬೇಕು. ತಂತಿ ಒಂದು ಓಣಿ ಇದ್ದ ಹಾಗೆ. ಒಂದು ಸೆಕೆಂಡಿಗೆ ಇಷ್ಟೇ ಮಾಹಿತಿ ಹೋಗಬೇಕು ಎಂಬ ಮಿತಿ ಅದಕ್ಕಿದೆ.

ಚಿತ್ರ ಎಂದರೆ ರಂಗೋಲಿಯ ಚುಕ್ಕಿಗಳ ಹಾಗೆ ಸಾಲು ಸಾಲು ಬಣ್ಣದ ಚುಕ್ಕಿ. ದೊಡ್ಡ ಚಿತ್ರದಲ್ಲಿ ಅಡ್ಡಕ್ಕೆ 1280, ಉದ್ದಕ್ಕೆ 720 ಚುಕ್ಕಿ. ಗುಣಿಸಿದರೆ 9,21,600. ಒಂದು ಚುಕ್ಕಿಗೆ 2 ಬೈಟ್ ಎಂದರೆ ಒಂದು ಫ್ರೇಮಿಗೆ 18,43,200 ಬೈಟ್. ಸೆಕೆಂಡಿಗೆ 30 ಫ್ರೇಮ್ ಎಂದರೆ 5 ಕೋಟಿ 52 ಲಕ್ಷ 96 ಸಾವಿರ ಬೈಟ್!

ಹೆಚ್ಚಾಗಿ ಬಳಕೆಯಲ್ಲಿರುವ ಯು.ಎಸ್.ಬಿ. 2.0 ಓಣಿಯಲ್ಲಿ ಕ್ಯಾಮೆರಾಕ್ಕೆ ಸಿಗುವ ಜಾಗ ಸೆಕೆಂಡಿಗೆ ಸುಮಾರು 2 ಕೋಟಿ 45 ಲಕ್ಷ ಬೈಟ್ ಮಾತ್ರ. ಐದೂವರೆ ಕೋಟಿ ಎಲ್ಲಿ ಹಿಡಿಸುತ್ತೆ? ಆದ್ದರಿಂದ ಕ್ಯಾಮೆರಾ ಮೊದಲೇ 10 ಫ್ರೇಮಿಗೆ ಇಳಿದುಬಿಡುತ್ತೆ. ಇದು ಕೆಟ್ಟಿರುವುದಲ್ಲ, ಓಣಿಗೆ ತಕ್ಕ ಹಾಗೆ ನಡೆಯುವುದು.

ಸಣ್ಣ ಚಿತ್ರದಲ್ಲಿ 640 ಅಡ್ಡ, 480 ಉದ್ದ. ಇದಕ್ಕೆ 30 ಫ್ರೇಮಿಗೆ 1 ಕೋಟಿ 84 ಲಕ್ಷ 32 ಸಾವಿರ ಬೈಟ್. ಇದು ಹಿಡಿಸುತ್ತೆ.

ಇನ್ನೊಂದು ದಾರಿಯೂ ಇದೆ. ರಾಗಿ ಹುಲ್ಲನ್ನು ಬಿಡಿಬಿಡಿಯಾಗಿ ತುಂಬಿದರೆ ಟ್ರ್ಯಾಕ್ಟರಿನಲ್ಲಿ ಸ್ವಲ್ಪವೇ ಹಿಡಿಸುತ್ತೆ. ಒತ್ತಿ ಕಟ್ಟು ಕಟ್ಟಿದರೆ ಅದೇ ಟ್ರ್ಯಾಕ್ಟರಿನಲ್ಲಿ ಎಷ್ಟೋ ಪಟ್ಟು ಹೋಗುತ್ತೆ. ಕ್ಯಾಮೆರಾವೂ ಪ್ರತಿ ಫ್ರೇಮನ್ನು ಒತ್ತಿ ಕಟ್ಟು ಕಟ್ಟಿ ಕಳಿಸಬಲ್ಲದು. ಸೆಟ್ಟಿಂಗಿನಲ್ಲಿ ಇದರ ಹೆಸರು ಎಂ.ಜೆ.ಪಿ.ಜಿ. ಕಟ್ಟದೆ ಬಿಡಿಯಾಗಿ ಕಳಿಸುವುದರ ಹೆಸರು ವೈ.ಯು.ವೈ.ವಿ. ದೊಡ್ಡ ಚಿತ್ರ ಬೇಕಿದ್ದರೆ ಎಂ.ಜೆ.ಪಿ.ಜಿ. ಆರಿಸಬೇಕು.

ಕ್ಯಾಮೆರಾ, ಪೆನ್ ಡ್ರೈವ್, ಇನ್ನೊಂದು ಕ್ಯಾಮೆರಾ ಎಲ್ಲವನ್ನೂ ಒಂದೇ ಹಬ್ಬಿಗೆ ಸಿಕ್ಕಿಸಿದರೆ ಓಣಿಯನ್ನು ಎಲ್ಲರೂ ಹಂಚಿಕೊಳ್ಳಬೇಕು. ಕ್ಯಾಮೆರಾವನ್ನು ನೇರವಾಗಿ ಕಂಪ್ಯೂಟರಿಗೇ ಸಿಕ್ಕಿಸಿ.

ಮೂರನೇ ಕಾರಣ: ಕಂಪ್ಯೂಟರಿನೊಳಗಿನ ಬಕಾಸುರ

ಕಟ್ಟು ಕಟ್ಟಿ ಕಳಿಸಿದ ಹುಲ್ಲನ್ನು ಈ ಕಡೆ ಯಾರಾದರೂ ಬಿಚ್ಚಬೇಕಲ್ಲ? ಆ ಕೆಲಸ ಕಂಪ್ಯೂಟರಿನದು. ಬಿಚ್ಚಬೇಕು, ಪರದೆಗೆ ಕೊಡಬೇಕು, ಕರೆಯಲ್ಲಿ ಕಳಿಸಲು ಮತ್ತೆ ಬೇರೆ ರೀತಿ ಒತ್ತಬೇಕು, ಆ ಕಡೆಯಿಂದ ಬಂದದ್ದನ್ನೂ ಬಿಚ್ಚಬೇಕು. ಹಳೇ ಕಂಪ್ಯೂಟರ್ ಇಷ್ಟಕ್ಕೇ ಏದುಸಿರು ಬಿಡುತ್ತೆ. ಅದರ ಜೊತೆ ಬೇರೆ ಕಾರ್ಯಕ್ರಮಗಳೂ ಒಳಗೆ ಓಡುತ್ತಿದ್ದರೆ ಮುಗಿದೇ ಹೋಯಿತು.

ನಮ್ಮೂರಿನವರಿಗೆ ಬಕಾಸುರನ ಕಥೆ ಹೇಳಿಕೊಡಬೇಕಾಗಿಲ್ಲ. ಕೈವಾರವೇ ಆಗಿನ ಏಕಚಕ್ರಪುರ ಎಂದು ಹಿರಿಯರು ಹೇಳುತ್ತಾರೆ. ಬಂಡಿ ಅನ್ನ, ಜೊತೆಗೆ ಎತ್ತು, ಬಂಡಿ ಹೊಡೆದುಕೊಂಡು ಹೋದವನು, ಎಲ್ಲವನ್ನೂ ತಿಂದರೂ ಅವನಿಗೆ ಸಾಲುತ್ತಿರಲಿಲ್ಲ. ಕಂಪ್ಯೂಟರಿನಲ್ಲೂ ಬಕಾಸುರರು ಇರುತ್ತಾರೆ. ಅವರನ್ನು ಕಾಣಲು ವಿಂಡೋಸ್‌ನಲ್ಲಿ 'ಟಾಸ್ಕ್ ಮ್ಯಾನೇಜರ್', ಉಬುಂಟುವಿನಲ್ಲಿ 'ಸಿಸ್ಟಮ್ ಮಾನಿಟರ್' ತೆರೆಯಬೇಕು. ಯಾವ ಕಾರ್ಯಕ್ರಮ ಎಷ್ಟು ತಿನ್ನುತ್ತಿದೆ ಎಂಬ ಪಟ್ಟಿ ಕಾಣುತ್ತೆ. ನಮ್ಮಲ್ಲಿ ಕರೆಯ ಹೊತ್ತಿಗೆ ಬ್ರೌಸರಿನ ಹನ್ನೊಂದು ಪುಟಗಳು ತೆರೆದೇ ಇದ್ದವು. ಎಲ್ಲವನ್ನೂ ಮುಚ್ಚಿದೆವು. ಕರೆಯಲ್ಲಿ ಬೆನ್ನ ಹಿಂದಿನ ಗೋಡೆ ಮಸುಕು ಮಾಡುವ ಅಲಂಕಾರ ಇರುತ್ತಲ್ಲ, ಅದೂ ದೊಡ್ಡ ಬಕಾಸುರನೇ. ಅದನ್ನು ತೆಗೆದುಬಿಡಿ.

ನಾಲ್ಕನೇ ಕಾರಣ: ಇಂಟರ್ನೆಟ್

ಎಲ್ಲರೂ ಮೊದಲು ಬೈಯುವ ಇಂಟರ್ನೆಟ್ಟನ್ನು ನಾನು ಕೊನೆಗೆ ಇಟ್ಟಿದ್ದೇನೆ. ಕಾರಣ ಇದೆ. ಇಂಟರ್ನೆಟ್ ಆರಿಸಿ ನಮ್ಮ ಪರದೆಯಲ್ಲೇ ನಮ್ಮನ್ನು ನೋಡಿಕೊಂಡಾಗ ತಡವರಿಸಿದರೆ ತೊಂದರೆ ಬೆಳಕು, ತಂತಿ ಅಥವಾ ಕಂಪ್ಯೂಟರಿನಲ್ಲಿದೆ. ನಮ್ಮ ಪರದೆಯಲ್ಲಿ ಚೆನ್ನಾಗಿದ್ದು, ಆ ಕಡೆಯವರಿಗೆ ಮಾತ್ರ ತಡವರಿಸಿದರೆ ಆಗ ಇಂಟರ್ನೆಟ್ಟಿನ ಕಡೆ ನೋಡಬೇಕು.

ಮೊಬೈಲಿನ ಹಾಟ್‌ಸ್ಪಾಟ್ ಬಳಸುವಾಗ ಮೊಬೈಲನ್ನು ಕಿಟಕಿಯ ಹತ್ತಿರ ಇಟ್ಟರೆ ಸಿಗ್ನಲ್ ಚೆನ್ನಾಗಿ ಸಿಗುತ್ತೆ. ಆ ಹೊತ್ತಿನಲ್ಲಿ ಬೇರೆಯವರು ಅದೇ ಹಾಟ್‌ಸ್ಪಾಟ್ ಬಳಸಬಾರದು. ಕರೆಯ ಸೆಟ್ಟಿಂಗಿನಲ್ಲಿ ಎಚ್.ಡಿ. ಎಂಬುದನ್ನು ತೆಗೆಯಬೇಕು. ಬೆರಳು ಓದಲು ದೊಡ್ಡ ಚಿತ್ರಕ್ಕಿಂತ ಹೆಚ್ಚು ಫ್ರೇಮ್ ಮುಖ್ಯ. ಹಿಂದೆ ಹೇಳಿದ 1999ರ ಅಳತೆಯಲ್ಲಿ 352 ಅಡ್ಡ, 288 ಉದ್ದದ ಚಿಕ್ಕ ಚಿತ್ರವೇ ಸನ್ನೆಗೆ ಚೆನ್ನಾಗಿ ಸಾಲುತ್ತೆ ಎಂದಿದೆ.

ನಮ್ಮ ಎಣಿಕೆ

ನಮಗೆ ಸಿಕ್ಕ ಅಂಕಿಗಳು ಇವು. ಎಲ್ಲವೂ ಎರಡು ಸೆಕೆಂಡಿನಲ್ಲಿ ಎಣಿಸಿದ್ದು.

ಕಿಟಕಿ ಮುಚ್ಚಿ, ಒಂದು ಟ್ಯೂಬ್‌ಲೈಟಿನಲ್ಲಿ: 15 ಚಿತ್ರ. ಸೆಕೆಂಡಿಗೆ 7.5.

ಮೇಜು ತಿರುಗಿಸಿ, ಕಿಟಕಿ ತೆರೆದು, ಮುಖ ಕಿಟಕಿಯ ಕಡೆ: 30 ಚಿತ್ರ. ಸೆಕೆಂಡಿಗೆ 15.

ಅದರ ಜೊತೆ ಟಿಕ್ ಗುರುತು ತೆಗೆದಾಗ: 60 ಚಿತ್ರ. ಸೆಕೆಂಡಿಗೆ 30. ಚಿತ್ರ ಸ್ವಲ್ಪ ಮಂಕು.

ಅದರ ಜೊತೆ ಥರ್ಮಾಕೋಲ್ ಹಾಳೆ ನಿಲ್ಲಿಸಿದಾಗ: 60 ಚಿತ್ರ. ಮಂಕು ಹೋಯಿತು.

ಹಾಗೇ ಇಟ್ಟು ಚಿತ್ರ ಮಾತ್ರ 1280ಕ್ಕೆ ಏರಿಸಿದಾಗ, ಎಂ.ಜೆ.ಪಿ.ಜಿ. ಇಲ್ಲದೆ: 20 ಚಿತ್ರ. ಸೆಕೆಂಡಿಗೆ 10. ಮತ್ತೆ 640ಕ್ಕೇ ಇಳಿಸಿದೆವು.

ಆ ಬುಧವಾರದ ಕರೆಯಲ್ಲಿ ಮೇಷ್ಟ್ರ ಸ್ಟಾಪ್‌ವಾಚನ್ನು ಕ್ಯಾಮೆರಾಕ್ಕೆ ತೋರಿಸಿದೆವು. ಮಿಸ್ ಆ ಕಡೆ ರೆಕಾರ್ಡ್ ಮಾಡಿ ಎಣಿಸಿ ಕಳಿಸಿದ್ದು 44. ಅಂದರೆ ಸೆಕೆಂಡಿಗೆ 22. ದಾರಿಯಲ್ಲಿ ಇಂಟರ್ನೆಟ್ಟು ಮತ್ತು ನಮ್ಮ ಹಳೇ ಕಂಪ್ಯೂಟರು ಸೇರಿ ಎಂಟು ಫ್ರೇಮ್ ತಿಂದಿದ್ದವು. ಆದರೂ 20 ದಾಟಿತ್ತು. ಮಿಸ್ ಪರೀಕ್ಷೆಗೆಂದು ನಮ್ಮ ಗೆಳತಿಗೆ ಪ್ಯಾನ್, ಪಿನ್, ಪೆನ್, ಪಿನ್ ಎಂದು ಬೆರಳಲ್ಲೇ ತೋರಿಸಲು ಹೇಳಿದರು. ಅವಳು ತೋರಿಸಿದಳು. ನಾಲ್ಕನ್ನೂ ಮಿಸ್ ಸರಿಯಾಗಿ ಟೈಪ್ ಮಾಡಿದರು. ಐದನೆಯದಾಗಿ ಅವಳು ಯಾರೂ ಹೇಳದೆಯೇ ತನ್ನ ಹೆಸರು ತೋರಿಸಿದಳು. ಅದನ್ನೂ ಮಿಸ್ ಸರಿಯಾಗಿ ಓದಿದರು.

ಹೊಸ ಕ್ಯಾಮೆರಾ ಕೊಳ್ಳಲಿಲ್ಲ. ಖರ್ಚಾದದ್ದು ಏನೂ ಇಲ್ಲ.

ಸಾಲಾಗಿ ನೋಡಬೇಕಾದ್ದು

ನಿಮ್ಮ ಮನೆಯಲ್ಲೋ ಪಂಚಾಯಿತಿ ಗ್ರಂಥಾಲಯದಲ್ಲೋ ಕ್ಯಾಮೆರಾ ತಡವರಿಸಿದರೆ ಈ ಸಾಲಿನಲ್ಲಿ ನೋಡಿ:

1. ಸ್ಟಾಪ್‌ವಾಚ್ ಹಿಡಿದು ಎಣಿಸಿ, ಬರೆದಿಡಿ.
2. ಇಂಟರ್ನೆಟ್ ಆರಿಸಿ ಮತ್ತೆ ನೋಡಿ.
3. ಬೆಳಕು ಹೆಚ್ಚಿಸಿ ಎಣಿಸಿ.
4. ಕತ್ತಲಲ್ಲಿ ಫ್ರೇಮ್ ಇಳಿಸುವ ಟಿಕ್ ತೆಗೆದು ಎಣಿಸಿ.
5. ಪವರ್ ಲೈನ್ 50 ಇದೆಯೇ ನೋಡಿ.
6. ಚಿತ್ರದ ಅಳತೆ 640ಕ್ಕೆ ಇಳಿಸಿ, ಇಲ್ಲವೇ ಎಂ.ಜೆ.ಪಿ.ಜಿ. ಆರಿಸಿ.
7. ಹಬ್ಬು ಬಿಟ್ಟು ಕ್ಯಾಮೆರಾವನ್ನು ನೇರವಾಗಿ ಸಿಕ್ಕಿಸಿ.
8. ಬೇರೆ ಕಾರ್ಯಕ್ರಮಗಳನ್ನು ಮುಚ್ಚಿ.
9. ಕೊನೆಗೆ ಇಂಟರ್ನೆಟ್ ನೋಡಿ.
10. ಇಷ್ಟಾದರೂ ಆಗದಿದ್ದರೆ ಆ ಕ್ಯಾಮೆರಾವನ್ನು ಇನ್ನೊಂದು ಕಂಪ್ಯೂಟರಿಗೆ ಹಾಕಿ. ಅಲ್ಲೂ ಹಾಗೇ ಇದ್ದರೆ ಮಾತ್ರ ಕ್ಯಾಮೆರಾ ಕೆಟ್ಟಿದೆ ಎನ್ನಬಹುದು.

ಒಂದು ವಿನಂತಿ

ಬುಧವಾರ ನಾಲ್ಕೂಕಾಲಿಗೆ ಕಂಪ್ಯೂಟರ್ ಕೋಣೆಯ ಕಿಟಕಿಯಲ್ಲಿ ನಾಲ್ಕನೇ, ಐದನೇ ತರಗತಿಯವರು ಗುಂಪಾಗಿ ನಿಂತು ಇಣುಕುತ್ತಾರೆ. ಹೋದ ವಾರ ಹಾಗೆ ನಿಂತಾಗ ನಾನು ಎಣಿಸಿದೆ. ಸೆಟ್ಟಿಂಗು ಸರಿಯಾಗಿತ್ತು, ಫ್ರೇಮ್ ಇಳಿಯಲಿಲ್ಲ. ಆದರೆ ಚಿತ್ರ ಎಷ್ಟು ಕತ್ತಲಾಯಿತೆಂದರೆ ಬೆರಳುಗಳೇ ಕಾಣಲಿಲ್ಲ. ಆ ಕಿಟಕಿಯಿಂದ ಬರುವ ಬೆಳಕಿನಲ್ಲೇ ಅವಳು ಮಾತಾಡುವುದು. ದಯವಿಟ್ಟು ಯಾರೂ ಅಲ್ಲಿ ನಿಲ್ಲಬೇಡಿ. ನೋಡುವ ಆಸೆಯಿದ್ದರೆ ಬಾಗಿಲಿಂದ ಒಳಗೆ ಬಂದು ಹಿಂದಿನ ಬೆಂಚಿನಲ್ಲಿ ಕೂರಿ. ಮಿಸ್ ಬೇಡ ಎನ್ನುವುದಿಲ್ಲ, ಕೇಳಿದ್ದೇನೆ. ಎ, ಇ, ಐ, ಓ, ಯು ಈ ಐದನ್ನು ಈ ಲೇಖನ ಓದಿಯೇ ಕಲಿತಿದ್ದೀರಿ. ಉಳಿದ 21 ಅಕ್ಷರಗಳನ್ನು ಅವಳೇ ಹೇಳಿಕೊಡುತ್ತಾಳೆ.



— ಏಳನೇ ತರಗತಿ, ಕೈವಾರ